ಒಂದೇ ಪದವಿ, ಎರಡು ನ್ಯಾಯ

1936ರಿಂದ 1945ರ ವರೆಗೆ ಆಸ್ಟ್ರೇಲಿಯದ ಗವರ್ನರ್ ಜನರಲ್ಲರಾಗಿದ್ದ ಲಾರ್ಡ್ ಗೌರಿಯವರ ಶೌರ್ಯವನ್ನು ನಾವು ಅಲ್ಲಗಳೆಯುವವರಲ್ಲ. (ಹೆಸರು ನಮ್ಮ ಗೌರಿಯದಲ್ಲ, ಸ್ಕಾಟ್ಲಂಡದ ಹಳೆಯ ಸರದಾರ ಮನೆತನದ ಬಿರುದು.) 1898ರಲ್ಲಿ ಸುಡಾನದ ಗೆದಾರೆಫ್ ಕಾಳಗದಲ್ಲಿ ಶತ್ರುಗಳು ಏರಿ ಬರುತ್ತಿರಲು, ಗಾಯಗೊಂಡು ಬಿದ್ದಿದ್ದ ಈಜಿಪ್ತದ ಅಧಿಕಾರಿಯೊಬ್ಬನನ್ನು ಅವರು ಹೊತ್ತು ನಡೆದರು, ಎರಡು ಮೂರು ಸಲ ಅವನನ್ನು ಕೆಳಗಿಳಿಸಿ, ಗುಂಡು ಹಾರಿಸಿ ವೈರಿಗಳನ್ನು ತಡೆದರು. ವಿಕ್ಟೋರಿಯಾ ಕ್ರಾಸ್ ಪದಕವು ಅವರಿಗೆ ಸಂದುದು ಯೋಗ್ಯವೇ. ಆ ವೈರಿಗಳು ತಮ್ಮ ನಾಡಿನಲ್ಲಿಯೇ ಇದ್ದವರೆಂಬುದನ್ನು ಮಾತ್ರ ಪದಕದ ಮೇಲೆ ಕೆತ್ತುವುದಿಲ್ಲ! 1942ರಲ್ಲಿ ಉತ್ತರ ಆಫ್ರಿಕೆಯ ಯುದ್ಧವು ಅವರ ಮಗನನ್ನೂ ಬಲಿತೆಗೆದುಕೊಂಡಿತು.

ಆದರೆ ನ್ಯಾಯಶಾಸ್ತ್ರ ಬಲ್ಲ ವಾಚಕರು ಲಕ್ಷ್ಯವಿಡಬೇಕಾದುದು 1941ರ ಡಿಸೆಂಬರ ತಿಂಗಳಿನ ಸಂಗತಿಯ ಮೇಲೆ. ಜಪಾನಿನ ಮೇಲೆ ಯುದ್ಧ ಸಾರುವ ಅಧಿಕಾರವನ್ನು ಚಕ್ರವರ್ತಿಯಿಂದ ಗೌರಿಯವರಿಗೆ ಕೊಡಿಸಿದ್ದು ಶಾಸನಸಭೆಗೆ ಹೊಣೆಯಾದ ಕರ್ಟಿನ್ನರ ಮಂತ್ರಿಮಂಡಲ. ಮಂತ್ರಿಗಳು ನಿಶ್ಚಯಿಸಿದರು, ಆ ವೀರರು ರುಜು ಹಾಕಿದರು.

ಅದೇ ಚಕ್ರವರ್ತಿಯ ಇನ್ನೊಬ್ಬ ಗವರ್ನರ್ ಜನರಲ್ಲರು ನಮ್ಮಲ್ಲಿದ್ದರು: ಲಾರ್ಡ್ ಲಿನ್‌ಲಿತ್‌ಗೋ. ಅವರೂ ಸರದಾರರೇ, ಸೈನಿಕರೇ. 1939ರ ಸೆಪ್ಟೆಂಬರ 3ರಂದು ಹಿಂದುಸ್ಥಾನವನ್ನು ಯುದ್ಧಕ್ಕೆ ನೂಕುವಾಗ ಅವರು ಪ್ರಜಾಪ್ರತಿನಿಧಿಗಳನ್ನು ಒಂದು ಮಾತು ಕೇಳಲಿಲ್ಲ. ಅಂದು ಆಸ್ಟ್ರೇಲಿಯವೂ ಬ್ರಿಟನ್ನಿನ ಹಿಂದೆಯೇ ಹೋಯಿತಲ್ಲವೇ ಎಂದು ಕೆಲವರು ಕೇಳಬಹುದು. ಹೋಯಿತು, ಆದರೆ ಹಾಗೆಂದು ಜನರಿಗೆ ಸಾರಿದವರು ಅವರದೇ ಪ್ರಧಾನಮಂತ್ರಿ ಮೆಂಜೀಸರು. ಇಲ್ಲಿ ಸಾರಿದವರನ್ನು ನಾವು ಆರಿಸಿರಲೂ ಇಲ್ಲ, ಇಳಿಸುವಂತೆಯೂ ಇರಲಿಲ್ಲ. ಕನ್ನಡ ಜಿಲ್ಲೆಗಳು ಹಂಚಿಹೋಗಿದ್ದ ಮುಂಬಯಿ, ಮದರಾಸು ಪ್ರಾಂತಗಳ ಕಾಂಗ್ರೆಸ್ ಮಂತ್ರಿಗಳು ಆ ವರ್ಷ ಮುಗಿಯುವ ಮೊದಲೇ ರಾಜೀನಾಮೆಯಿತ್ತು ಹೊರಬಿದ್ದುದು ಈ ಅವಮಾನದ ಫಲವೇ.