ಒಂದೇ ಬೆಂಕಿ, ಐದು ರೇಡಿಯೊ: ನ್ಯೂ ಸೌತ್ ವೇಲ್ಸ್‌ನ ಪೂರ್ತಿಯಾಗದ ಲೆಕ್ಕ

ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಾನೂನಿನ ಪ್ರಕಾರವೇ ಕಾಳ್ಗಿಚ್ಚಿನ ಅವಧಿ. ಆ ತಿಂಗಳುಗಳಲ್ಲಿ ಸಿಡ್ನಿಯ ಕನ್ನಡಿಗರ ಮನೆಗಳಿಗೆ ಮೈಸೂರು, ಶಿವಮೊಗ್ಗ, ಹುಬ್ಬಳ್ಳಿಯಿಂದ ಬರುವ ಕರೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ: ‘ಬೆಂಕಿ ನಿಮ್ಮ ಕಡೆ ಇದೆಯೇನಪ್ಪ?’ 2021 ಮತ್ತು 2022ರಲ್ಲಿ ಹಾಕ್ಸ್‌ಬರಿ ನದಿ ಉಕ್ಕಿದಾಗ ಪ್ರಶ್ನೆ ನೀರಿನದಾಗಿತ್ತು. ಟಿವಿಯಲ್ಲಿ ಕೆಂಪು ಆಕಾಶ ಕಂಡ ತಂದೆತಾಯಿಗೆ ಸಿಡ್ನಿ ನಗರ ಎಷ್ಟು ದೊಡ್ಡದು, ಬೆಂಕಿ ಎಷ್ಟು ದೂರ ಎಂಬ ವಿವರಣೆ ಸಮಾಧಾನ ಕೊಡುವುದಿಲ್ಲ. ‘ಇಲ್ಲಿ ವ್ಯವಸ್ಥೆ ಚೆನ್ನಾಗಿದೆ ಅಮ್ಮ, 000ಗೆ ಫೋನ್ ಮಾಡಿದರೆ ಸಾಕು’ ಎಂದು ಹೇಳಿ ನಾವು ಮಾತು ಮುಗಿಸುತ್ತೇವೆ.

ಆ ಮಾತು ಬಹುಮಟ್ಟಿಗೆ ನಿಜ. ಆದರೆ 000ಗೆ ಕರೆ ಹೋದ ಮೇಲಿನ ಕಥೆ ಬೇರೆ. ಸ್ಥಳಕ್ಕೆ ಬರುವ ಪೊಲೀಸ್, ಆಂಬುಲೆನ್ಸ್ ಮತ್ತು ಅಗ್ನಿಶಾಮಕ ಸಿಬ್ಬಂದಿ ತಮ್ಮತಮ್ಮ ರೇಡಿಯೊದಲ್ಲಿ ಒಬ್ಬರ ಜೊತೆ ಒಬ್ಬರು ನೇರವಾಗಿ ಮಾತನಾಡಬಲ್ಲರೆ? ಈ ರಾಜ್ಯ ಹತ್ತು ವರ್ಷಗಳಿಂದ ಇದೇ ಪ್ರಶ್ನೆಯ ಹಿಂದೆ ದುಡ್ಡು ಸುರಿಯುತ್ತಿದೆ. ಕೆಲಸ ಇನ್ನೂ ಮುಗಿದಿಲ್ಲ.

ತುರ್ತು ಸೇವೆಗೆ ಇಲ್ಲಿ ಐದು ಮುಖ್ಯ ಸಂಸ್ಥೆಗಳಿವೆ. ಪೊಲೀಸ್ ಮತ್ತು ಆಂಬುಲೆನ್ಸ್ ಎಲ್ಲರಿಗೂ ಗೊತ್ತಿರುವಂಥವು. ಪಟ್ಟಣದ ಬೆಂಕಿಗೆ ಫೈರ್ ಅಂಡ್ ರೆಸ್ಕ್ಯೂ ಇದೆ. ಹಳ್ಳಿ ಮತ್ತು ಕಾಡಿನ ಬೆಂಕಿಗೆ 70 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿರುವ ರೂರಲ್ ಫೈರ್ ಸರ್ವಿಸ್. ನೆರೆ, ಬಿರುಗಾಳಿಗೆ ಸ್ಟೇಟ್ ಎಮರ್ಜೆನ್ಸಿ ಸರ್ವಿಸ್. ಅಲ್ಲಿಯೂ ಹೆಚ್ಚಿನವರು ಸ್ವಯಂಸೇವಕರೇ. ಪ್ರತಿ ಸಂಸ್ಥೆಯೂ ದಶಕಗಳ ಕಾಲ ತನಗೆ ಬೇಕಾದ ರೇಡಿಯೊ, ಬೇಕಾದ ತರಂಗಾಂತರ, ಬೇಕಾದ ಕಡೆ ಗೋಪುರ ಎಂದು ಕಟ್ಟಿಕೊಂಡು ಬಂತು. ಒಂದೇ ಗುಡ್ಡದ ಮೇಲೆ ಎರಡು ಮೂರು ಇಲಾಖೆಗಳ ಗೋಪುರಗಳು ಅಕ್ಕಪಕ್ಕ ನಿಂತದ್ದೂ ಉಂಟು.

ಇದರ ತೊಂದರೆ ಏನೆಂದು ಊಹಿಸಿಕೊಳ್ಳಿ. ಹೆದ್ದಾರಿಯಲ್ಲಿ ರಾಸಾಯನಿಕದ ಟ್ಯಾಂಕರ್ ಮಗುಚಿದೆ. ಗಾಳಿ ದಿಕ್ಕು ಬದಲಿಸಿದ್ದು ಅಗ್ನಿಶಾಮಕದವರಿಗೆ ಮೊದಲು ತಿಳಿಯುತ್ತದೆ. ಇನ್ನೂರು ಮೀಟರ್ ಆಚೆ ಗಾಯಾಳುಗಳ ಬಳಿ ಇರುವ ಆಂಬುಲೆನ್ಸ್ ಸಿಬ್ಬಂದಿಗೆ ಅದು ಮುಟ್ಟಬೇಕಾದರೆ ಅಗ್ನಿಶಾಮಕದವರು ತಮ್ಮ ನಿಯಂತ್ರಣ ಕೊಠಡಿಗೆ ಹೇಳಬೇಕು, ಆ ಕೊಠಡಿ ಆಂಬುಲೆನ್ಸ್ ಕೊಠಡಿಗೆ ಫೋನ್ ಮಾಡಬೇಕು, ಅಲ್ಲಿಂದ ರೇಡಿಯೊದಲ್ಲಿ ಸುದ್ದಿ ಮರಳಿ ಅದೇ ರಸ್ತೆಗೆ ಬರಬೇಕು. ಅಷ್ಟರಲ್ಲಿ ಯಾರಾದರೂ ಓಡಿ ಹೋಗಿ ಕೂಗಿ ಹೇಳುವುದೇ ವಾಸಿ; ಎಷ್ಟೋ ಸಲ ಆಗುವುದೂ ಹಾಗೆಯೇ. ಬಯಲಿನಲ್ಲಿ ಕೂಗಬಹುದು. ಹೊಗೆ ತುಂಬಿದ ಕಣಿವೆಯಲ್ಲಿ ಕೂಗು ಯಾರಿಗೂ ಕೇಳುವುದಿಲ್ಲ.

‘ಎಲ್ಲರ ಕೈಯಲ್ಲೂ ಮೊಬೈಲ್ ಇಲ್ಲವೆ?’ ಎಂದು ಊರಿನವರು ಕೇಳುವುದು ಸಹಜ. 2019–20ರ ‘ಕಪ್ಪು ಬೇಸಿಗೆ’ಯಲ್ಲಿ ಈ ರಾಜ್ಯದಲ್ಲೇ ಸುಮಾರು 55 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು, 2,400ಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಆಗ ದೇಶದ ಸುಮಾರು 1,400 ದೂರಸಂಪರ್ಕ ಕೇಂದ್ರಗಳಿಗೆ ಪೆಟ್ಟು ಬಿತ್ತೆಂದು ಕೇಂದ್ರದ ಸಂವಹನ ನಿಯಂತ್ರಣ ಸಂಸ್ಥೆ ವರದಿ ಕೊಟ್ಟಿತು. ಅಚ್ಚರಿಯ ಸಂಗತಿಯೆಂದರೆ ನೇರವಾಗಿ ಬೆಂಕಿಯಿಂದ ಹಾಳಾದದ್ದು ಶೇ 1ರಷ್ಟು ಮಾತ್ರ. ಬಹುಪಾಲು ಕಡೆ ಕೈಕೊಟ್ಟದ್ದು ಕರೆಂಟು. ತಂತಿ ಸುಟ್ಟಿತು, ಬ್ಯಾಟರಿ ಕೆಲವು ಗಂಟೆಗಳಲ್ಲಿ ಬರಿದಾಯಿತು, ಜನರೇಟರಿಗೆ ಡೀಸೆಲ್ ಒಯ್ಯಲು ರಸ್ತೆ ಇರಲಿಲ್ಲ. ತುರ್ತು ಸೇವೆಯ ರೇಡಿಯೊ ಗೋಪುರಗಳಿಗೆ ದೀರ್ಘಕಾಲದ ಬ್ಯಾಟರಿ, ಜನರೇಟರ್, ಬದಲಿ ಮಾರ್ಗ ಎಂದು ಹೆಚ್ಚುವರಿ ಖರ್ಚು ಮಾಡುವುದು ಇದಕ್ಕಾಗಿಯೇ. ರೇಡಿಯೊದಲ್ಲಿ ಇನ್ನೊಂದು ಅನುಕೂಲವಿದೆ. ಗುಂಡಿ ಒತ್ತಿ ಒಬ್ಬರು ಹೇಳಿದ್ದು ಗುಂಪಿನ ಅಷ್ಟೂ ಮಂದಿಗೆ ಒಮ್ಮೆಗೇ ಕೇಳುತ್ತದೆ. ಫೋನಿನಂತೆ ಒಬ್ಬೊಬ್ಬರಿಗೆ ಕರೆ ಮಾಡುತ್ತ ಕೂರಬೇಕಿಲ್ಲ.

ಈ ಹರಿದ ಜಾಲಗಳನ್ನೆಲ್ಲ ಸೇರಿಸಿ ಇಡೀ ರಾಜ್ಯಕ್ಕೆ ಒಂದೇ ‘ಪಬ್ಲಿಕ್ ಸೇಫ್ಟಿ ನೆಟ್‌ವರ್ಕ್’ ಮಾಡುವ ಯೋಜನೆ 2016ರಲ್ಲಿ ಶುರುವಾಯಿತು. ಹೊಣೆ ರಾಜ್ಯ ಸರ್ಕಾರದ ಟೆಲ್ಕೊ ಅಥಾರಿಟಿಯದು. ಐದೂ ಸಂಸ್ಥೆಗಳು ಒಂದೇ ಡಿಜಿಟಲ್ ಜಾಲದ ಮೇಲೆ ಬರಬೇಕು, ಬೇಕಾದಾಗ ಒಂದೇ ಮಾತಿನ ಗುಂಪಿಗೆ ಸೇರಿಕೊಳ್ಳಬೇಕು, ಜನವಸತಿಯ ಶೇ 99.7 ಮತ್ತು ಭೂಭಾಗದ ಶೇ 85 ಜಾಲದ ವ್ಯಾಪ್ತಿಗೆ ಬರಬೇಕು. ಈ ಗುರಿ ಸಣ್ಣದಲ್ಲ. ಕರ್ನಾಟಕದ ನಾಲ್ಕರಷ್ಟು ವಿಸ್ತೀರ್ಣದ ರಾಜ್ಯವಿದು. ಜನಸಂಖ್ಯೆ ಮಾತ್ರ ಬೆಂಗಳೂರು ನಗರಕ್ಕಿಂತ ಕಡಿಮೆ. ಯಾರೂ ವಾಸವಿಲ್ಲದ ಗುಡ್ಡದ ಮೇಲೂ ಗೋಪುರ ಬೇಕು, ಯಾಕೆಂದರೆ ಬೆಂಕಿ ಹುಟ್ಟುವುದು ಅಲ್ಲೇ.

ಮೊದಲ ಅಂದಾಜು 40 ಕೋಟಿ ಆಸ್ಟ್ರೇಲಿಯನ್ ಡಾಲರ್, ಮುಗಿಸಬೇಕಾದ ವರ್ಷ 2020. ರಾಜ್ಯದ ಆಡಿಟರ್ ಜನರಲ್ 2023ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ವೆಚ್ಚ 129.3 ಕೋಟಿ ಡಾಲರಿಗೆ ಏರಿದೆ, ಮುಗಿಯುವ ವರ್ಷ 2027ಕ್ಕೆ ಹೋಗಿದೆ. ಡಾಲರಿಗೆ 55 ರೂಪಾಯಿ ಎಂದು ಹಿಡಿದರೆ ಸುಮಾರು 2,200 ಕೋಟಿ ರೂಪಾಯಿಯ ಕೆಲಸ 7,100 ಕೋಟಿ ದಾಟಿದಂತಾಯಿತು.

ಇಲ್ಲಿನ ಪತ್ರಿಕೆಗಳು ‘ಮೂರು ಪಟ್ಟು’ ಎಂದು ಬರೆದು ಮುಂದೆ ಹೋದವು. ಲೆಕ್ಕಪತ್ರ ನೋಡುವುದೇ ಕಸುಬಾಗಿರುವ ನಮಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ವರದಿಯ ಇನ್ನೊಂದು ಸಾಲು. ಹೊಸ ಜಾಲ ಸಿದ್ಧವಾಗುವ ತನಕ ಹಳೆಯ ಜಾಲಗಳನ್ನು ಸುಸ್ಥಿತಿಯಲ್ಲಿಡಲು ಮೊದಲು ಎತ್ತಿಟ್ಟದ್ದು 7.5 ಕೋಟಿ ಡಾಲರ್. ತಡವಾಗುತ್ತ ಹೋದಂತೆ ಅದು 29.25 ಕೋಟಿ ಡಾಲರಾಯಿತು. ಊರಲ್ಲಿ ಮನೆ ಕಟ್ಟಿಸಿದವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಕಟ್ಟಡ ಮುಗಿಯುವವರೆಗೆ ಇತ್ತ ಸಾಲದ ಕಂತು, ಅತ್ತ ಬಾಡಿಗೆ. ಮೇಸ್ತ್ರಿ ಆರು ತಿಂಗಳು ತಡ ಮಾಡಿದರೆ ಆರು ತಿಂಗಳ ಬಾಡಿಗೆ ‘ಮನೆ ಕಟ್ಟಿದ ಖರ್ಚು’ ಎಂಬ ಪುಟದಲ್ಲಿ ಕಾಣುವುದೇ ಇಲ್ಲ, ಆದರೆ ಜೇಬಿನಿಂದ ಹೋಗಿರುತ್ತದೆ. ಹಣ ಹೋಗಲಿ ಎನ್ನೋಣ. ಅವಧಿ ಮೀರಿದ ಉಪಕರಣಗಳನ್ನು ತೇಪೆ ಹಾಕಿ ನಡೆಸುವುದರಲ್ಲಿ ಕಾಳ್ಗಿಚ್ಚಿನ ಮಧ್ಯೆ ನಿಂತವರಿಗೆ ಅಪಾಯವೂ ಇದೆ.

ಮೂರನೆಯ ಲೆಕ್ಕವೊಂದು ಉಳಿದಿದೆ. ಅದು ಯಾವ ಪುಸ್ತಕದಲ್ಲೂ ಒಟ್ಟಾಗಿ ಸಿಗುವುದಿಲ್ಲ. ಹೊಸ ಜಾಲ ಬಂದರೆ ಪ್ರತಿ ಸಂಸ್ಥೆಯೂ ಹೊಸ ಕೈರೇಡಿಯೊ, ವಾಹನದ ರೇಡಿಯೊ ಕೊಳ್ಳಬೇಕು, ನಿಯಂತ್ರಣ ಕೊಠಡಿಯ ತಂತ್ರಾಂಶ ಬದಲಿಸಬೇಕು, ಜನರಿಗೆ ತರಬೇತಿ ಕೊಡಬೇಕು. ಇವೆಲ್ಲ ಆಯಾ ಸಂಸ್ಥೆಯ ಬಜೆಟ್ಟಿನಿಂದ ಹೋಗುವ ಹಣ. ಈ ವೆಚ್ಚವನ್ನೂ ಸೇರಿಸಿ ಸರ್ಕಾರಕ್ಕೆ ಒಟ್ಟು ಎಷ್ಟಾಗುತ್ತಿದೆ ಎಂಬುದರ ಮೇಲೆ ಇಡೀ ಸರ್ಕಾರದ ಮಟ್ಟದಲ್ಲಿ ನಿಗಾ ಇಲ್ಲ ಎಂದು ಆಡಿಟರ್ ಜನರಲ್ ಬರೆದಿದ್ದಾರೆ. ಒಂದು ಕಂಪನಿಯ ಲೆಕ್ಕ ಹೀಗಿದ್ದರೆ ಆಡಿಟರ್ ಸಹಿ ಹಾಕುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಯೋಜನೆಯ ಯಶಸ್ಸನ್ನು ಗೋಪುರಗಳ ಎಣಿಕೆಯಿಂದ ಅಳೆಯುವ ರೂಢಿ ಬಂದದ್ದೂ ಇದರಿಂದಲೇ ಎನಿಸುತ್ತದೆ. ಗೋಪುರವಾದರೆ ಎಣಿಸಬಹುದು, ಉದ್ಘಾಟಿಸಬಹುದು, ಫೋಟೊ ತೆಗೆಸಿಕೊಳ್ಳಬಹುದು. ಕುಗ್ರಾಮದ ಸ್ವಯಂಸೇವಕರೊಬ್ಬರು ಶನಿವಾರ ಮಧ್ಯಾಹ್ನ ಹೊಸ ರೇಡಿಯೊದ ಗುಂಪು ಬದಲಿಸಲು ಕಲಿತದ್ದನ್ನು ಯಾರು ಉದ್ಘಾಟಿಸುತ್ತಾರೆ?

ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಅಲ್ಲಿ. ಎಲ್ಲರೂ ಒಂದೇ ಜಾಲದಲ್ಲಿದ್ದಾರೆ ಎಂದ ಮಾತ್ರಕ್ಕೆ ಪರಸ್ಪರ ಮಾತನಾಡುತ್ತಾರೆ ಎಂದಲ್ಲ. ಜಾಲದೊಳಗೂ ಪ್ರತಿ ಸಂಸ್ಥೆಗೆ ಪ್ರತ್ಯೇಕ ಮಾತಿನ ಗುಂಪುಗಳಿರುತ್ತವೆ, ಇರಲೇಬೇಕು. ಸಾವಿರಾರು ಜನ ಒಂದೇ ಗುಂಪಿನಲ್ಲಿ ಮಾತನಾಡಿದರೆ ಸಂತೆಯಾಗುತ್ತದೆ. ಪೊಲೀಸರ ಮಾತು ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಇಲ್ಲದವರಿಗೆ ಕೇಳದು. ಹಾಗಾಗಿ ದೊಡ್ಡ ಅವಘಡದಲ್ಲಿ ಯಾವ ಹಂತದ ಅಧಿಕಾರಿ, ಯಾವ ಜಂಟಿ ಗುಂಪಿಗೆ, ಯಾರ ಅಪ್ಪಣೆ ಮೇರೆಗೆ ಸೇರಬೇಕು ಎಂಬುದು ಮೊದಲೇ ಬರೆದಿಟ್ಟು ಅಭ್ಯಾಸ ಮಾಡಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆ ಇಲ್ಲಿ ಅಕ್ಷರಶಃ ಹೊಂದುತ್ತದೆ. ಅದರಾಚೆ ಕೊನೆಯ ನೂರು ಮೀಟರಿನ ಸಮಸ್ಯೆಯೂ ಇದೆ. ಬೆಂಕಿಯ ಎದುರು ನಿಂತ ತಂಡಗಳು ಹೆಚ್ಚಾಗಿ ಗೋಪುರದ ನೆರವಿಲ್ಲದೆ ರೇಡಿಯೊದಿಂದ ರೇಡಿಯೊಗೆ ನೇರವಾಗಿ ಮಾತನಾಡುತ್ತವೆ. ಅಲ್ಲಿ ಎರಡು ಸಂಸ್ಥೆಗಳ ಕೈರೇಡಿಯೊಗಳು ಬೇರೆ ಬೇರೆ ತರಂಗಾಂತರದಲ್ಲಿದ್ದರೆ ಕೋಟಿಗಟ್ಟಲೆಯ ಜಾಲ ಉಪಯೋಗಕ್ಕೆ ಬರುವುದಿಲ್ಲ.

ಇದು ಒಂದು ರಾಜ್ಯದ ಕಥೆಯಷ್ಟೇ ಅಲ್ಲ. ಎಲ್ಲ ರಾಜ್ಯಗಳ ಸರ್ಕಾರಿ ರೇಡಿಯೊಗಳು ಹೊಂದಿಕೊಳ್ಳಬೇಕೆಂಬ ರಾಷ್ಟ್ರೀಯ ಚೌಕಟ್ಟೊಂದು 2010ರಿಂದ 2020ರ ಅವಧಿಗೆ ಜಾರಿಯಲ್ಲಿತ್ತು. ಅದರ ಗಡುವಿನ ವರ್ಷವೇ ಕಪ್ಪು ಬೇಸಿಗೆಯ ವರ್ಷವಾಯಿತು. ನೆರವಿಗೆಂದು ಬೇರೆ ರಾಜ್ಯಗಳಿಂದ ಬಂದ ತಂಡಗಳಿಗೆ ಸ್ಥಳೀಯ ರೇಡಿಯೊ ಬಳಸಲಾಗದ ಸ್ಥಿತಿ ಎದುರಾಯಿತು. ಆ ವರ್ಷ ನೇಮಕವಾದ ರಾಯಲ್ ಕಮಿಷನ್ ತನ್ನ 80 ಶಿಫಾರಸುಗಳಲ್ಲಿ ಈ ಚೌಕಟ್ಟನ್ನು ಪರಿಷ್ಕರಿಸಿ ಜಾರಿ ಮಾಡಬೇಕೆಂದೂ ತುರ್ತು ಸೇವೆಗೆ ಪ್ರತ್ಯೇಕ ಮೊಬೈಲ್ ಬ್ರಾಡ್‌ಬ್ಯಾಂಡ್ ಕೊಡಬೇಕೆಂದೂ ಹೇಳಿತು. ಅಮೆರಿಕದಲ್ಲಿ 2001ರ ಸೆಪ್ಟೆಂಬರ್ 11ರಂದು ಕಟ್ಟಡ ಕುಸಿಯಬಹುದೆಂದು ಪೊಲೀಸ್ ಹೆಲಿಕಾಪ್ಟರಿನಿಂದ ಬಂದ ಎಚ್ಚರಿಕೆ ಒಳಗಿದ್ದ ಅಗ್ನಿಶಾಮಕರಿಗೆ ಮುಟ್ಟಲಿಲ್ಲ. ಅಂದು 343 ಅಗ್ನಿಶಾಮಕರು ತೀರಿಕೊಂಡರು. ಅದಾದ ಮೇಲೂ ಅಲ್ಲಿ ತುರ್ತು ಸೇವೆಗೆಂದೇ ಫಸ್ಟ್‌ನೆಟ್ ಎಂಬ ಜಾಲಕ್ಕೆ ಕಾನೂನು ಬರಲು 2012 ಆಗಬೇಕಾಯಿತು. ನಮ್ಮ ದೇಶದಲ್ಲಿ 112 ಎಂಬ ಒಂದೇ ತುರ್ತು ಸಂಖ್ಯೆ ಬಂದಿರುವುದು ಒಳ್ಳೆಯದೇ. ಆದರೆ ಕರೆ ಮಾಡುವವರಿಗೆ ಸಂಖ್ಯೆ ಒಂದಾದಾಗ, ಕರೆಗೆ ಓಗೊಟ್ಟು ಬರುವವರ ರೇಡಿಯೊ ತಾನಾಗಿ ಒಂದಾಗುವುದಿಲ್ಲ.

ಇನ್ನು ದುಡ್ಡು ಯಾರದು ಎಂಬ ಪ್ರಶ್ನೆ. ಗೋಪುರಗಳ ಬಂಡವಾಳ ರಾಜ್ಯ ಬಜೆಟ್ಟಿನದು. ಆದರೆ ಎರಡು ಅಗ್ನಿಶಾಮಕ ಸಂಸ್ಥೆಗಳು ಮತ್ತು ಸ್ಟೇಟ್ ಎಮರ್ಜೆನ್ಸಿ ಸರ್ವಿಸ್‌ನ ವಾರ್ಷಿಕ ಖರ್ಚಿನ ಶೇ 73.7ನ್ನು ವಿಮಾ ಕಂಪನಿಗಳು ಕಟ್ಟುತ್ತವೆ, ಶೇ 11.7ನ್ನು ಸ್ಥಳೀಯ ಕೌನ್ಸಿಲ್‌ಗಳು, ಉಳಿದ ಶೇ 14.6ನ್ನು ರಾಜ್ಯ ಸರ್ಕಾರ. ವಿಮಾ ಕಂಪನಿಗಳು ಅದನ್ನು ತಮ್ಮ ಕೈಯಿಂದ ಕೊಡುತ್ತವೆಯೆ? ಮನೆ ವಿಮೆಯ ಕಂತಿಗೆ ‘ಎಮರ್ಜೆನ್ಸಿ ಸರ್ವಿಸಸ್ ಲೆವಿ’ ಎಂದು ಸೇರಿಸುತ್ತವೆ. ಅಂದರೆ ಹೊಸ ರೇಡಿಯೊ ಮತ್ತು ತರಬೇತಿಯ ಖರ್ಚಿನಲ್ಲಿ ದೊಡ್ಡ ಪಾಲು, ಸಾಲ ಮಾಡಿ ಸ್ಕೋಫೀಲ್ಡ್ಸ್‌ನಲ್ಲೋ ಮಾರ್ಸ್‌ಡನ್ ಪಾರ್ಕ್‌ನಲ್ಲೋ ಮನೆ ಕೊಂಡ ನಮ್ಮಂಥವರ ವಿಮೆಯ ಬಿಲ್ಲಿನಿಂದಲೇ ಬರುತ್ತದೆ. ವಿಮೆ ಮಾಡಿಸದವರು ಈ ಲೆವಿ ಕಟ್ಟುವುದೇ ಇಲ್ಲ. ಅಗ್ನಿಶಾಮಕ ವಾಹನ ಮಾತ್ರ ಅವರ ಮನೆಗೂ ಬರುತ್ತದೆ, ಬರಲೂ ಬೇಕು. ದೇಶದ ಮುಖ್ಯ ಭೂಭಾಗದ ರಾಜ್ಯಗಳಲ್ಲಿ ಹೀಗೆ ವಿಮೆಯ ಮೂಲಕ ವಸೂಲಿ ಮಾಡುವ ಪದ್ಧತಿ ಉಳಿದಿರುವುದು ಇಲ್ಲಿ ಮಾತ್ರ. ಅದನ್ನು ಬದಲಿಸುವುದಾಗಿ ರಾಜ್ಯ ಸರ್ಕಾರ 2023ರ ನವೆಂಬರಿನಲ್ಲಿ ಪ್ರಕಟಿಸಿತು.

ಊರಿನಲ್ಲಿರುವವರು ಆತಂಕ ಪಡಬೇಕೆ? ಇಲ್ಲವೆಂದೇ ಹೇಳುತ್ತೇವೆ. ಈ ಕೊರತೆಗಳ ನಡುವೆಯೂ ಇಲ್ಲಿನ ಸಿಬ್ಬಂದಿ ದಕ್ಷರು. ಹಳೆಯ ರೇಡಿಯೊ ಹಿಡಿದೇ ಊರೂರು ಉಳಿಸಿದವರು. ಆದರೆ ಮುಂದಿನ ಸಲ ಬೆಂಕಿಯ ಸುದ್ದಿ ಬಂದಾಗ ಮಗ ಅಥವಾ ಮಗಳು ಒಂದೆರಡು ಗಂಟೆ ಫೋನ್ ಎತ್ತದಿದ್ದರೆ ಕೆಟ್ಟದ್ದನ್ನೇ ಊಹಿಸಬೇಡಿ. ಗೋಪುರಕ್ಕೆ ಕರೆಂಟು ಹೋಗಿರುವ ಸಾಧ್ಯತೆಯೇ ಹೆಚ್ಚು. ‘ಹಜಾರ್ಡ್ಸ್ ನಿಯರ್ ಮಿ’ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಬೆಂಕಿ, ನೆರೆ ಎಲ್ಲಿವೆ ಎಂಬ ನಕ್ಷೆ ಸಿಗುತ್ತದೆ. ಮಕ್ಕಳ ಬಡಾವಣೆಯ ಹೆಸರು ಮತ್ತು ಪೋಸ್ಟ್‌ಕೋಡ್ ಬರೆದಿಟ್ಟುಕೊಂಡರೆ ಸಾಕು. ಇಲ್ಲಿರುವವರ ಮನೆಯಲ್ಲಿ ಬ್ಯಾಟರಿಯಿಂದ ನಡೆಯುವ ಚಿಕ್ಕ ರೇಡಿಯೊ ಒಂದಿರಲಿ. ಮೊಬೈಲ್ ನಿಂತ ಮೇಲೂ ಎಬಿಸಿಯ ಸ್ಥಳೀಯ ಕೇಂದ್ರ ಎಚ್ಚರಿಕೆಗಳನ್ನು ಬಿತ್ತರಿಸುತ್ತಿರುತ್ತದೆ. ನೆರೆ, ಬಿರುಗಾಳಿಗೆ ನೆರವು ಬೇಕಾದರೆ 132 500. ಜೀವಕ್ಕೆ ಅಪಾಯವಿದ್ದರೆ 000.

ನ್ಯೂ ಸೌತ್ ವೇಲ್ಸ್‌ನಲ್ಲಿ 2027ರ ಮಾರ್ಚ್‌ನಲ್ಲಿ ಚುನಾವಣೆ. ರೇಡಿಯೊ ಜಾಲ ಪೂರ್ಣಗೊಳ್ಳಬೇಕಾದ ವರ್ಷವೂ ಅದೇ. ಗೋಪುರ ಎಷ್ಟು ಎದ್ದವು ಎಂಬ ಅಂಕಿಅಂಶ ಆ ಹೊತ್ತಿಗೆ ಧಾರಾಳವಾಗಿ ಸಿಗಲಿದೆ. ಇಲ್ಲಿನ ಪೌರತ್ವ ಪಡೆದು ಮತದಾರರಾಗಿರುವ ಕನ್ನಡಿಗರು ಕ್ಷೇತ್ರದ ಅಭ್ಯರ್ಥಿಯನ್ನು ಬೇರೆ ಎರಡು ಸಂಗತಿ ಕೇಳಬಹುದು: ಐದು ಸಂಸ್ಥೆಗಳೂ ಸೇರಿ ಜಂಟಿ ಗುಂಪಿನಲ್ಲಿ ಮಾತನಾಡುವ ಅಭ್ಯಾಸವನ್ನು ನಮ್ಮ ಜಿಲ್ಲೆಯಲ್ಲಿ ಕೊನೆಯ ಬಾರಿ ನಡೆಸಿದ್ದು ಯಾವಾಗ, ಮತ್ತು ಕೈರೇಡಿಯೊ, ತರಬೇತಿ ಎಲ್ಲ ಸೇರಿ ಒಟ್ಟು ಖರ್ಚು ಎಷ್ಟು?