ಲೆಕ್ಕಕ್ಕೆ ಅಂಜುವ ಅಂಗಡಿ

ಬೆಂಗಳೂರಿನ ಹಲಸೂರು ಮತ್ತು ಇಂದಿರಾನಗರಗಳ ನಡುವಣ ಜೋಗುಪಾಳ್ಯದಂಥ ಹಳೆಯ ಬಡಾವಣೆಗಳಲ್ಲಿ ಸಣ್ಣ ಅಂಗಡಿಗಳೇ ಬೀದಿಯ ಜೀವಾಳ. 2016ರಲ್ಲಿ ಯುಪಿಐ ಜಾರಿಗೆ ಬಂದಮೇಲೆ ಇಂಥ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕ್ಯೂಆರ್ ಚೀಟಿ ನೆಲೆಗೊಂಡಿತು. ಚಿಲ್ಲರೆಯ ಜಗಳ ತೀರಿತು. ಖೋಟಾ ನೋಟಿನ ಭಯ ತಪ್ಪಿತು. ಆದರೆ 2025ರ ಜುಲೈ ತಿಂಗಳಲ್ಲಿ ನಗರದ ಅನೇಕ ವರ್ತಕರು ಆ ಚೀಟಿಯನ್ನು ಕಿತ್ತು, ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕವನ್ನು ತೂಗುಹಾಕಿದರು.

ಕಾರಣ ಸರ್ವವಿದಿತ. 2021–22ರಿಂದ 2024–25ರವರೆಗಿನ ಯುಪಿಐ ಜಮೆಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಅಗತ್ಯ. ಸೇವೆ ಒದಗಿಸುವವರಿಗೆ ಈ ಮಿತಿ 20 ಲಕ್ಷ.

ಇಲಾಖೆಯ ಕ್ರಮ ನಿರ್ದೋಷವಾಗಿರಲಿಲ್ಲ. ಯಂತ್ರಕ್ಕೆ ಮೊತ್ತ ಕಾಣುತ್ತದೆ, ಲಾಭ ಕಾಣುವುದಿಲ್ಲ. ಬಂದ ಹಣ ಹಾಲು, ತರಕಾರಿಗಳಂಥ ತೆರಿಗೆಮುಕ್ತ ವಸ್ತುವಿನದೋ, ತಮ್ಮ ಕೊಟ್ಟ ಕೈಗಡವೋ ಅದು ಅರಿಯದು. 40 ಲಕ್ಷವೆಂದರೆ ದಿನಕ್ಕೆ ಸುಮಾರು 11 ಸಾವಿರ ರೂಪಾಯಿಯ ಮಾರಾಟ. ರೂಪಾಯಿಗೆ ಕೆಲವೇ ಪೈಸೆ ಉಳಿಯುವ ಅಂಗಡಿಗೆ ಇದು ಸಿರಿತನದ ಗುರುತಲ್ಲ. ನಾಲ್ಕು ವರ್ಷದ ಹಿಂದೆ ಬಿಸ್ಕತ್ತು ಕೊಂಡು ಹೋದ ಗಿರಾಕಿಯಿಂದ ಇಂದು ತೆರಿಗೆ ಕೇಳಲು ಯಾರಿಗೆ ಸಾಧ್ಯ? ಚೀಟಿ ಅಂಟಿಸಿಕೊಳ್ಳಿರೆಂದು ಉತ್ಸಾಹದಿಂದ ಕರೆದವರು, ಅದರೊಡನೆ ಬರುವ ಹೊಣೆಯನ್ನೂ ತಿಳಿಗನ್ನಡದಲ್ಲಿ ಮೊದಲೇ ಹೇಳಬೇಕಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಲೇಬೇಕು ಎಂದದ್ದು ಈ ದೃಷ್ಟಿಯಿಂದ ಉಚಿತವೇ.

ಆದರೆ ಇಲಾಖೆಯ ದೋಷವು ಆ ಫಲಕಕ್ಕೆ ಸಮರ್ಥನೆಯಾಗಲಾರದು. ಅಂಜಿ ಚೀಟಿ ತೆಗೆದವರೂ ಇದ್ದಾರೆ. ಅವರಿಗೆ ತಿಳುವಳಿಕೆ ಬೇಕು, ನಿಂದೆಯಲ್ಲ. ಮಿತಿ ಮೀರಿದೆಯೆಂದು ಬಲ್ಲವನು ಮಾರಾಟವನ್ನು ಮರೆಮಾಡಲು ನಗದನ್ನು ಆಶ್ರಯಿಸಿದರೆ, ಅದು ಪ್ರತಿಭಟನೆಯಲ್ಲ, ಕಳವು. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನದ ಜೊತೆಗೇ ವಿರುದ್ಧರಾಜ್ಯಾತಿಕ್ರಮವನ್ನೂ ತತ್ತ್ವಾರ್ಥಸೂತ್ರ ಎಣಿಸಿದೆ. ತೂಕದಲ್ಲಿ ಮೋಸ ಮಾಡುವುದಕ್ಕೆ ನಾಚುವ ಶ್ರಾವಕನು ಲೆಕ್ಕದಲ್ಲಿ ಮೋಸ ಮಾಡುವುದನ್ನು ಜಾಣತನವೆಂದು ಬಗೆಯುವುದು ಯಾವ ನ್ಯಾಯ? ವೀರನಿರ್ವಾಣದ ದಿನವಾದ ದೀಪಾವಳಿಯಂದು ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಮನೆ, ಮರುದಿನ ಎರಡನೆಯ ಪುಸ್ತಕವನ್ನು ತೆರೆದರೆ ಆ ಪೂಜೆ ಯಾರಿಗೆ ಸಂದಿತು?

ಕಾಲ ಕೆಟ್ಟಿತು, ಯಂತ್ರ ಬಂದು ವ್ಯಾಪಾರದ ನೆಮ್ಮದಿ ಕೆಡಿಸಿತು ಎಂಬ ಮಾತು ಇಂದು ಎಲ್ಲೆಡೆ ಕೇಳುತ್ತದೆ. ಯಂತ್ರ ಹೊಸ ಧರ್ಮವನ್ನೇನೂ ತಂದಿಲ್ಲ. ತೆರಿಗೆ ಮೊದಲೂ ಇತ್ತು, ಲೆಕ್ಕವೂ ಇತ್ತು. ಯಾರೂ ಕಾಣರೆಂಬ ಭರವಸೆಯೊಂದೇ ಈಗ ಹೋಗಿದೆ. ಕಾಣದಿದ್ದಾಗ ಪಾಲಿಸಿದರೆ ಮಾತ್ರ ಅದು ವ್ರತ. ಕಂಡಾಗ ಪಾಲಿಸುವುದು ಕೇವಲ ಭಯ.

ದಾರಿಗಳು ಇಲ್ಲದಿಲ್ಲ. ಕೇವಲ ತೆರಿಗೆಮುಕ್ತ ಸರಕು ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಇತರರಲ್ಲಿ ಒಂದೂವರೆ ಕೋಟಿಯವರೆಗಿನ ವಹಿವಾಟುಳ್ಳ ವರ್ತಕರಿಗೆ ಶೇಕಡ 1ರ ರಾಜಿ ತೆರಿಗೆ ಪದ್ಧತಿಯಿದೆ. ಮನೆಯ ಹಣಕ್ಕೆ ಒಂದು ಖಾತೆ, ಅಂಗಡಿಗೆ ಇನ್ನೊಂದು ಎಂದು ಬೇರ್ಪಡಿಸಿದರೆ ಅರ್ಧ ಸಂಕಟ ಪರಿಹಾರವಾಗುತ್ತದೆ.

ಇಲ್ಲಿ ಬಸದಿಗಳ ಟ್ರಸ್ಟುಗಳಿಗೂ ಕರ್ತವ್ಯವಿದೆ. ಕಾಣಿಕೆಗೆ ಕ್ಯೂಆರ್ ಫಲಕ ಇಟ್ಟರೆ ಸಾಲದು. ಸಮಾಜದಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ತಿಂಗಳಿಗೊಂದು ಭಾನುವಾರ ಅವರು ಬಸದಿಯ ಸಭಾಭವನದಲ್ಲಿ ಕುಳಿತು, ಜಾತಿಮತ ನೋಡದೆ ಬೀದಿಯ ಸಣ್ಣ ವರ್ತಕರ ಕಾಗದಪತ್ರ ಸರಿಪಡಿಸಿಕೊಟ್ಟರೆ ಅದು ಜ್ಞಾನದಾನವೂ ಹೌದು, ಅಭಯದಾನವೂ ಹೌದು. ಜೊತೆಗೆ, ಬಿಲ್ಲಿಲ್ಲದ ಮಾರಾಟದ ಹಣವೆಂದು ತಿಳಿದೂ ಸ್ವೀಕರಿಸಿದ ಕಾಣಿಕೆಯಿಂದ ಶಿಖರಕ್ಕೆ ಕಲಶವಿಡುವ ಪರಿಪಾಠ ನಿಲ್ಲಲಿ. ಅಂಥ ಕಲಶ ಎಷ್ಟು ಹೊಳೆದರೂ ಅದರಿಂದ ಧರ್ಮಪ್ರಭಾವನೆಯಾಗದು.