ಬೀಗ ಹಾಕಿದರೆ ಉಳಿದೀತೆ ಗ್ರಂಥ?

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗರಿ ಕಟ್ಟೊಂದನ್ನು ಕೊಟ್ಟುಹೋದರು. ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರು. 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಚ್ಚಾಯಿತು. ಕಳೆದೇಹೋಯಿತೆಂದುಕೊಂಡಿದ್ದ ಗ್ರಂಥ ದಕ್ಕಿದ್ದು ಓದಿದ್ದರಿಂದ, ಕಪಾಟಿನಲ್ಲಿ ಇಟ್ಟಿದ್ದರಿಂದಲ್ಲ.

ಇಂದು ಎಂ.ಎ. ವಿದ್ಯಾರ್ಥಿ ಅಪರೂಪದ ಪುಸ್ತಕ ಕೇಳಿದರೆ ಎಷ್ಟೋ ಕಡೆ ಮೊದಲು ಎದುರಾಗುವುದು ‘ನಿಮಗೇಕೆ ಅದು?’ ಎಂಬ ಪ್ರಶ್ನೆ. ಮುಟ್ಟಿದರೆ ಹಾಳಾಗುತ್ತದಂತೆ. ಓಲೆಗರಿ ನಾಜೂಕು, ನಿಜ. ಆದರೆ ಬಿಚ್ಚದ ಕಟ್ಟಿಗೆ ಹುಳು ಹತ್ತಿದ್ದು ಯಾರಿಗೂ ತಿಳಿಯುವುದೇ ಇಲ್ಲ. ಸ್ಕ್ಯಾನ್ ಮಾಡಿದ ಪುಟಗಳೂ ಪಾಸ್‌ವರ್ಡಿನ ಹಿಂದೆ ಕೂತರೆ ಅದು ಹೊಸ ಬೀಗ, ಅಷ್ಟೆ.

ಗ್ರಂಥಗಳ ಪಟ್ಟಿಯನ್ನು ಎಲ್ಲರಿಗೂ ತೆರೆಯಿರಿ. ಹಳೆಯ ಲಿಪಿ ಓದುವುದನ್ನು ತರಗತಿಯಲ್ಲಿ ಕಲಿಸಿ. ಓದುಗರನ್ನೇ ಹೊರಗಿಟ್ಟು ಈ ಗ್ರಂಥಗಳನ್ನು ಯಾರಿಗಾಗಿ ಕಾಯುತ್ತಿದ್ದೇವೆ?